ಒಂದು ಡಬ್ಬ ಮರಳು

ಚರ್ ಅಂತ ಸಲಿಕೆ ಮರಳುಮಣ್ಣಿಗೆ ಇಳಿದ ಸದ್ದು, ಬೇಯಿಸಿದ ಚಿಪ್ಪುಮೀನು ಕಚ್ಚುವಾಗ ಹಲ್ಲಿಗೆ ಮರಳು ಸಿಕ್ಕ ಹಾಗೆ, ಮತ್ತೆ ಚರ್, ಹೇಮಿ ಅಂಕಲ್ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ಅಗೆಯುತ್ತಿದ್ದಾನೆ, ಎಪ್ಪತ್ತು ಹತ್ತಿರ ಬಂತು, ಸಲಿಕೆಯನ್ನು ಬೇರೆ ಯಾರಿಗೂ ಕೊಡುವುದಿಲ್ಲ, ಈ ಮನೆಯಲ್ಲಿ ಹುಟ್ಟಿದ ಮಕ್ಕಳ ಮಾಸು ಹೂಳುವುದಕ್ಕೆ ಗುಂಡಿ ತೋಡುವವನು ತಾನೇ ಎಂದು ಯಾವತ್ತೋ ತೀರ್ಮಾನ ಮಾಡಿಕೊಂಡುಬಿಟ್ಟಿದ್ದಾನೆ, ಮೆರೆಯಾನಳ ಮಾಸಿಗೆ ತೋಡಿದವನು ಅವನ ಅಪ್ಪ, ಅವಳ ಮಗಳು ಕಾಹುವಿನದಕ್ಕೆ ತೋಡಿದವನು ಇವನು, ಈಗ ಕಾಹುವಿನ ಮಗುವಿನದಕ್ಕೆ, ಎಲ್ಲವೂ ಇದೇ ಗೆಣಸಿನ ತೋಟದ ಅಂಚಿನಲ್ಲಿ, ಇದೇ ಪೂರಿರಿ ಮರದ ಬುಡದಲ್ಲಿ — ಮೆರೆಯಾನ ಗುಂಡಿಯನ್ನು ನೋಡಬೇಕು, ನೋಡುತ್ತಲೂ ಇದ್ದಾಳೆ, ಆದರೆ ಕಾಣುತ್ತಿರುವುದು ಗುಂಡಿಯಲ್ಲ, ಮೊನ್ನೆ ಮಧ್ಯಾಹ್ನ ಹ್ಯಾಮಿಲ್ಟನ್ನಿನ ಪ್ರಯೋಗಾಲಯದಲ್ಲಿ ಕಿಟಕಿಗೆ ಕಪ್ಪು ಪರದೆ ಎಳೆದು ಕೂತಾಗ ಕಂಡದ್ದು, ಗೆಣಸಿನ ಒಂದು ಎಳೆ ಬೇರು, ಅದರ ಮೈ ಸಿಗಿದುಕೊಂಡು ಹೊರಗೆ ಬರುತ್ತಿರುವ ಒಂದು ಮರಿಬೇರು, ಆ ಸಿಗಿದ ಜಾಗದ ಸುತ್ತ ಉಂಗುರದ ಹಾಗೆ ಕೆಂಪು, ಊದಿದ ಕೆಂಡದ ಕೆಂಪು. ಅಲ್ಲಿ ಕೆಂಪು ಇರಲೇಬಾರದಿತ್ತು. ಹೋಲಿಸಿ ನೋಡುವುದಕ್ಕೆಂದು ಇಟ್ಟ ಗಿಡ ಅದು, ಕಂಟ್ರೋಲ್, ಪ್ಲಾಸ್ಟಿಕ್ ಸೋಕದೆ ಮಣ್ಣಿನ ಕುಂಡದಲ್ಲಿ ಬೆಳೆದದ್ದು, ಈ ತೋಟದ ಕಂಟ್ರೋಲ್ ಸಾಲಿನದೇ ಮಣ್ಣು, ಈ ತೋಟದ್ದೇ ಬೀಜದ ಗೆಣಸು, ಪರೀಕ್ಷೆಗೆಂದು ಬೇರಿಗೆ ಹಾಕುವ ಬಣ್ಣವೋ ಪ್ಲಾಸ್ಟಿಕ್ಕಿಗೆ ಅಂಟಿ ಹೊಳೆಯುತ್ತದೆ, ಇಲ್ಲದ ಕಡೆ ತೊಳೆದುಹೋಗುತ್ತದೆ, ಜಿಡ್ಡಿಗೂ ಅಂಟುವುದುಂಟು ಅಂತ ಮೂರು ಸಲ ತೊಳೆದಳು, ಇನ್ನೊಂದು ಗಿಡ ಕಿತ್ತಳು, ಇನ್ನೊಂದು, ಆರು ಗಿಡ, ಆರರಲ್ಲೂ ಉಂಗುರ. ಮಮ್, ಯಾಕೆ ಹಂಗೆ ಕಂಬದ ತರ ನಿಂತ್ಬಿಟ್ಟೆ, ಸ್ವಲ್ಪ ಈ ಕಡೆ ಬಾ, ಬಿಸಿಲು ಮಗು ಕಣ್ಣಿಗೆ ಹೊಡೀತಿದೆ ಅಂದಳು ಕಾಹು, ಮೆರೆಯಾನ ಎರಡು ಹೆಜ್ಜೆ ಜರುಗಿ ಮೊಮ್ಮಗನಿಗೆ ನೆರಳಾದಳು, ಹುಟ್ಟಿ ಎಂಟು ದಿನ, ರುತೇನೆ ಅಂತ ಹೆಸರು, ಮೆರೆಯಾನಳ ಅಪ್ಪನದೇ ಹೆಸರು, ಮುಷ್ಟಿಗಳನ್ನು ಗಲ್ಲಕ್ಕೆ ಒತ್ತಿಕೊಂಡು ಮಲಗಿದೆ, ಲೋಕದ ಮೇಲೆ ಏನೋ ದೂರಿದೆ ಎಂಬ ಮುಖ ಮಾಡಿಕೊಂಡು.

ದೂರು ಇರಬೇಕಾದದ್ದೇ ಮಗನೇ, ನೀನು ದೂರಬೇಕಾದವಳೇ ನಿನಗೆ ನೆರಳಾಗಿ ನಿಂತಿದ್ದಾಳೆ. ಕಾಹು ಇಲ್ಲಿಗೆ ಬಂದದ್ದು ಯಾರ ಮಾತಿನ ಮೇಲೆ? ಆಕ್ಲೆಂಡಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಇತ್ತು, ಸಮುದ್ರ ಕಾಣುವ ಬಾಡಿಗೆ ಮನೆ ಇತ್ತು, ಆರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಫೋನು, ಅಳು, ಮಮ್ ಹೆಂಗಸರ ಮಾಸಿನಲ್ಲೂ ಪ್ಲಾಸ್ಟಿಕ್ ಸಿಕ್ಕಿದೆಯಂತೆ, ನಿಜಾನಾ, ನೀನು ಅದನ್ನೇ ತಾನೇ ಓದಿರೋದು, ನನ್ನದ್ರಲ್ಲೂ ಇರುತ್ತಾ — ಇರಬಹುದು ಅನ್ನಬೇಕಿತ್ತು, ಎಲ್ಲರಲ್ಲೂ ಇದೆ ಮಗಳೇ ಅನ್ನಬೇಕಿತ್ತು, ಆದರೆ ಮಗಳು ಅಳುವಾಗ ಯಾವ ತಾಯಿಗೆ ವಿಜ್ಞಾನ ನೆನಪಿರುತ್ತದೆ, ಅಳಬೇಡ, ಮನೆಗೆ ಬಂದ್ಬಿಡು, ನಮ್ಮ ತೋಟದ ಮಣ್ಣು ಶುದ್ಧವಾಗಿದೆ, ನಾನೇ ಪರೀಕ್ಷೆ ಮಾಡಿದ್ದೀನಿ, ಮಗು ಮೊದಲು ತಿನ್ನೋದು ನಮ್ಮ ಕೂಮರ ಗೆಣಸೇ ಆಗಿರ್ಲಿ ಅಂದುಬಿಟ್ಟಳು. ಪರೀಕ್ಷೆ ಮಾಡಿದ್ದು ಸುಳ್ಳೇನಲ್ಲ. ಜರಡಿ ಹಿಡಿದು ನೋಡಿದ್ದಳು, ನೀರಲ್ಲಿ ಕದಡಿ ತೇಲಿದ್ದನ್ನು ಭೂತಗನ್ನಡಿಯಲ್ಲಿ ನೋಡಿದ್ದಳು, ಏನೂ ಸಿಕ್ಕಿರಲಿಲ್ಲ, ಜರಡಿಗೆ ಸಿಗದಷ್ಟು ಸಣ್ಣದನ್ನು ಹುಡುಕುವುದೇ ಅವಳ ಕಸುಬು, ಕೂದಲೆಳೆಯ ದಪ್ಪವನ್ನು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲು, ಅಂಥದ್ದನ್ನು ಊರವರ ಹೊಲದಲ್ಲೆಲ್ಲ ಹುಡುಕಿದವಳಿಗೆ ತನ್ನ ಮನೆ ತೋಟಕ್ಕೆ ಬಂದಾಗ ಜರಡಿ ಸಾಕೆನಿಸಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಇದಕ್ಕೇ. ಈ ತೋಟದಲ್ಲಿ ಇವತ್ತಿನವರೆಗೆ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ಕಿನ ಮಲ್ಚಿಂಗ್ ಶೀಟು ಒಂದು ಗೇಣೂ ಹಾಸಿದವರಿಲ್ಲ, ಅಪ್ಪ ಬಿಡುತ್ತಿರಲಿಲ್ಲ, ಮಣ್ಣಿಗೆ ಮಳೆಕೋಟು ಯಾಕೆ ಹಾಕ್ತೀರಿ, ಅದಕ್ಕೇನು ನೆಗಡಿಯಾ ಅನ್ನುತ್ತಿದ್ದ, ಗುಡ್ಡದ ಮೇಲಿನ ಸ್ಟ್ರಾಬೆರಿ ತೋಟದವರು ಎಕರೆಗಟ್ಟಲೆ ಕಪ್ಪು ಹಾಳೆ ಎಳೆದು ಮುಚ್ಚುವಾಗ ಇವನು ಹಿರಿಯರು ಮಾಡಿದ ಹಾಗೆಯೇ ತೊರೆಯ ಬಾಯಿಯಿಂದ ಮರಳು ಹೊತ್ತು ತಂದು ಗೆಣಸಿನ ದಿಬ್ಬಗಳಿಗೆ ಸುರಿಯುತ್ತಿದ್ದ, ಮರಳು ಬಿಸಿಲು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿ ದೇಶದಿಂದ ದೋಣಿಯಲ್ಲಿ ಬಂದ ಗೆಡ್ಡೆ ಇದು, ಈ ಚಳಿಗೆ ನಡುಗುತ್ತೆ ಪಾಪ, ಕಾಲು ಬೆಚ್ಚಗಿಡಬೇಕು ಅಂತ. ಅಂಥ ತೋಟ. ಅಂಥ ತೋಟದ ಬೇರಿನಲ್ಲಿ ಉಂಗುರ.

ಏ ಹೇಮಿ, ಗುಂಡಿ ತೋಡು ಅಂದ್ರೆ ಬಾವಿ ತೋಡ್ತಿದ್ದೀಯಲ್ಲೋ, ಹುಡುಗ ದೊಡ್ಡವನಾಗೋಷ್ಟರಲ್ಲಿ ಮುಗಿಯುತ್ತಾ ಅಂದಳು ಮೆರೆಯಾನಳ ತಾಯಿ ಪಾರೆ, ಮಡಚುವ ಕುರ್ಚಿಯ ಮೇಲೆ ಕಾಲಿಗೆ ಕಂಬಳಿ ಸುತ್ತಿಕೊಂಡು, ಬಾಯಿ ಮಾತ್ರ ಯಾವತ್ತೂ ಕುರ್ಚಿ ಹಿಡಿದದ್ದಿಲ್ಲ, ಹೇಮಿ ಅಂಕಲ್ ತಲೆಯೆತ್ತದೆ ನೀನೇ ಬಾ ಅತ್ತಿಗೆ ಇಳಿದು ಅಳತೆ ನೋಡು, ಸರಿಹೋದ್ರೆ ನಿನ್ನನ್ನೂ ಇಲ್ಲೇ ಬಿಡ್ತೀನಿ ಅಂದ, ಕಾಹು ನಕ್ಕಳು, ನಗುವಾಗ ಹೊಲಿಗೆ ನೋವಾಗಿ ತುಟಿ ಕಚ್ಚಿಕೊಂಡಳು — ಹೊಲಿಗೆ, ಹೌದು, ಹೊರಗೆ ಬರುವುದು ಏನಿದ್ದರೂ ಸಿಗಿದುಕೊಂಡೇ ಬರಬೇಕು, ಮರಿಬೇರು ಹುಟ್ಟುವಾಗ ತಾಯಿಬೇರಿನ ಸಿಪ್ಪೆ ಹರಿಯುತ್ತದೆ, ಬೇರೆ ದಾರಿಯಿಲ್ಲ, ಎರಡು ಮೂರು ದಿನದಲ್ಲಿ ಗಾಯ ಮಾಯುತ್ತದೆ, ಆದರೆ ಆ ಎರಡು ಮೂರು ದಿನ ಬಾಗಿಲಿಗೆ ಕಾವಲಿಲ್ಲ, ಆಗ ನುಗ್ಗುತ್ತದೆ ಪ್ಲಾಸ್ಟಿಕ್ಕಿನ ಕಣ, ನೀರಿನ ಜೊತೆ ನೀರಾಗಿ, ಎಲೆ ನೀರೆಳೆದುಕೊಂಡ ಹಾಗೆಲ್ಲ ಕೊಳವೆಯೊಳಗೆ ಮೇಲೇರುತ್ತದೆ, ಏರದೆ ಉಳಿದದ್ದು ಕೋಶದ ಗೋಡೆಗೆ ಅಂಟಿ ಕೂರುತ್ತದೆ, ಯಾರೋ ಬಂದರು ಎಂದು ಕೋಶಕ್ಕೆ ಗೊತ್ತಾಗುತ್ತದೆ, ಯಾರೆಂದು ಗೊತ್ತಾಗುವುದಿಲ್ಲ, ರೋಗಾಣುವಲ್ಲ, ಹುಳವಲ್ಲ, ಕೊಲ್ಲೋಣವೆಂದರೆ ಅದಕ್ಕೆ ಜೀವವೇ ಇಲ್ಲ, ಆದರೂ ಪಾಪದ್ದು ತನಗೆ ಗೊತ್ತಿರುವ ಒಂದೇ ಅಸ್ತ್ರ ತೆಗೆಯುತ್ತದೆ, ಪೆರಾಕ್ಸೈಡು ಉಗುಳುತ್ತದೆ, ಶತ್ರುವಿಗೆ ಹಚ್ಚಿದ ಬೆಂಕಿ ತನ್ನ ಪೊರೆಯನ್ನೇ ಸುಡುತ್ತದೆ, ಅದನ್ನು ಆರಿಸುವ ಕಿಣ್ವಗಳನ್ನು ಮಾಡುವುದಕ್ಕೆ ಜೀನುಗಳು ಬಿಡುವಿಲ್ಲದೆ ದುಡಿಯುತ್ತವೆ, ಮತ್ತೆ ಮನೆಗೆಲಸ ಯಾರು ಮಾಡಬೇಕು, ನೀರು ಒಳಬಿಡುವ ಬಾಗಿಲುಗಳ ಜೀನು ಮಂಕಾಗುತ್ತದೆ, ಸಾರಜನಕ ಹೀರುವ ಜೀನು ಮಂಕಾಗುತ್ತದೆ, ಗೆಡ್ಡೆಯಲ್ಲಿ ಪಿಷ್ಟ ಕಟ್ಟುವ ಜೀನು ಅರ್ಧಕ್ಕಿಳಿಯುತ್ತದೆ, ಮೇಲಿಂದ ನೋಡಿದರೆ ಬಳ್ಳಿ ಹಸಿರು, ಎಲೆ ಹಸಿರು, ಏನೂ ಆಗಿಲ್ಲ. ಏನೂ ಆಗಿಲ್ಲ ಅಂತಲೇ ಅವಳೂ ಹೇಳಿದ್ದು, ಹೋದ ವರ್ಷ ಬೆಳೆಗಾರರ ಸಭೆಯಲ್ಲಿ, ಪ್ರಯೋಗಾಲಯದ ಹೊಲದಲ್ಲಿ ಪ್ಲಾಸ್ಟಿಕ್ ಬೆರೆಸಿದ ಸಾಲು, ಈ ತೋಟದಲ್ಲಿ ಬೆರೆಸದ ಸಾಲು, ಗ್ರಾಫಿನಲ್ಲಿ ಎರಡು ಗೆರೆ ಒಂದರ ಮೇಲೊಂದು ಬಿದ್ದಿದ್ದವು, ವ್ಯತ್ಯಾಸ ಕಾಣಲಿಲ್ಲ ಅಂದಳು, ಸ್ಟ್ರಾಬೆರಿ ತೋಟದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಒಬ್ಬ ಬಂದು ಕೈ ಕುಲುಕಿ ನಿಮ್ಮಂಥ ಪ್ರಾಮಾಣಿಕರು ಬೇಕು ಮೇಡಂ ಅಂದ. ಎರಡು ಲೋಟದಲ್ಲೂ ಅದೇ ವಿಷವಿದ್ದರೆ ವ್ಯತ್ಯಾಸ ಎಲ್ಲಿಂದ ಕಾಣಬೇಕು. ಕಂಡದ್ದು ಅಮ್ಮ ಒಬ್ಬಳಿಗೇ, ಅವಳ ಹತ್ತಿರ ಯಂತ್ರವೂ ಇರಲಿಲ್ಲ ಗ್ರಾಫೂ ಇರಲಿಲ್ಲ, ಐದು ವರ್ಷದಿಂದ ಒಂದೇ ಮಾತು, ಕೂಮರ ಸಪ್ಪೆ ಆಗೋಯ್ತು ಕಣೇ ಮೆರೆ, ನೀರು ನೀರು, ಮೊದಲಿನ ಸಿಹಿ ಇಲ್ಲ, ಇವಳು ನಕ್ಕು ನಿನ್ನ ನಾಲಿಗೆಗೆ ವಯಸ್ಸಾಯ್ತು ಮಮ್ ಅಂದರೆ ಅವಳು ಬಿಡುವವಳೇ, ನಾಲಿಗೆಗೆ ವಯಸ್ಸಾಗಿದ್ರೆ ನಿನ್ನ ಅಡುಗೇಲಿ ಉಪ್ಪು ಜಾಸ್ತಿ ಅಂತ ನನಗೆ ಹೆಂಗೆ ಗೊತ್ತಾಗುತ್ತೆ ಹೇಳು.

ಮೊನ್ನೆಯಿಂದ ಸಿಟ್ಟನ್ನು ಎಲ್ಲಿ ಇಡಬೇಕೆಂದು ಗೊತ್ತಾಗಿತ್ತು, ಅದೊಂದು ನೆಮ್ಮದಿ, ಗುಡ್ಡದ ಮೇಲಿನವರ ಕಪ್ಪು ಹಾಳೆ, ಹರಿದು ಚಿಂದಿಯಾಗಿ ತೊರೆಗೆ ಬಿದ್ದು, ತೊರೆಯ ಬಾಯಿಯ ಮರಳಿಗೆ ಸೇರಿ, ಆ ಮರಳಿನಿಂದ ಇಲ್ಲಿಗೆ, ದಾರಿ ಸರಿಯಾಗಿ ಕೂತಿತ್ತು, ನಿನ್ನೆ ಕಾರು ಓಡಿಸಿಕೊಂಡು ಬರುವಾಗ ಅವರಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದಳು, ಪೆಟ್ರೋಲು ಹಾಕಿಸಲು ನಿಂತಲ್ಲಿ ಮನಸ್ಸಿನಲ್ಲಿದ್ದ ಬೈಗುಳ ಜೋರಾಗಿಯೇ ಬಾಯಿಂದ ಬಂದು ಪಕ್ಕದವನು ತಿರುಗಿ ನೋಡಿದ್ದ, ಆಗ ಫೋನಿಗೆ ಬಂತು ಇನ್ನೊಂದು ಯಂತ್ರದ ವರದಿ, ಬೇರನ್ನು ಸುಟ್ಟು ಹೊಗೆಯಲ್ಲಿ ಯಾವ ಪ್ಲಾಸ್ಟಿಕ್ಕೆಂದು ಗುರುತು ಹಿಡಿಯುವ ಯಂತ್ರ, ಹಾಳೆ ಪಾಲಿಥೀನಿನದು, ಬೇರಿನಲ್ಲಿ ಪಾಲಿಥೀನಿನ ಸುಳಿವು ಅಷ್ಟಕ್ಕಷ್ಟೆ, ತುಂಬಿರುವುದು ಪಾಲಿಪ್ರೊಪಿಲೀನು. ಅದೆಲ್ಲಿಂದ ಬಂತು? ರಾತ್ರಿಯೆಲ್ಲ ಅದೇ, ಗೊಬ್ಬರದ ಚೀಲವೇ, ಈ ತೋಟಕ್ಕೆ ಚೀಲದ ಗೊಬ್ಬರ ಬಂದದ್ದೇ ಇಲ್ಲ, ಕಡಲಪಾಚಿಯೇ ಗೊಬ್ಬರ, ದೋಣಿಯ ಹಗ್ಗವೇ, ಹಗ್ಗದ ಎಳೆ ಆಗಿದ್ದರೆ ಜರಡಿಗೆ ಸಿಗುತ್ತಿತ್ತು, ತನ್ನ ಬಟ್ಟೆಯೇ, ಇಲ್ಲ, ಮೂರು ವರ್ಷವೂ ಕಂಟ್ರೋಲ್ ಸಾಲಿಗೆ ಕಾಲಿಡುವಾಗ ಹತ್ತಿಯ ಕೋಟು, ಹತ್ತಿಯ ಕೈಗವಸು, ಮರದ ಪೆಟ್ಟಿಗೆ, ಗಾಜಿನ ಬಾಟಲಿ, ಹೇಮಿ ಅಂಕಲ್ ನೋಡಿ ಏನಮ್ಮಾ ಆಪರೇಷನ್ ಮಾಡೋಕೆ ಬಂದ್ಯಾ ಕೂಮರಗೆ ಎಂದು ಹಾಸ್ಯ ಮಾಡುತ್ತಿದ್ದ — ಸದ್ದು ನಿಂತಿತು, ಗುಂಡಿ ಆಯಿತು. ಕಾಹು ಮಗುವನ್ನು ಪಾರೆಯ ಮಡಿಲಿಗೆ ಕೊಟ್ಟು ಮಣ್ಣಿನ ಕುಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಬಸುರಿಯಾಗಿದ್ದಾಗ ತಾನೇ ತಟ್ಟಿ ಸುಟ್ಟ ಕುಡಿಕೆ, ಒಂದು ಕಡೆ ಸೊಟ್ಟ, ಅದರೊಳಗೆ ಮಗುವಿನ ಮಾಸು, ಆಸ್ಪತ್ರೆಯವರು ಚೀಲದಲ್ಲಿ ಕೊಟ್ಟದ್ದನ್ನು ಅಲ್ಲಿಯೇ ಕುಡಿಕೆಗೆ ಬದಲಾಯಿಸಿಕೊಂಡಿದ್ದಳಂತೆ, ಪ್ಲಾಸ್ಟಿಕ್ಕಿನಲ್ಲಿ ನನ್ನ ಮಗನ ಮಾಸು ಒಂದು ಗಂಟೇನೂ ಇರೋದು ಬೇಡ ಅಂತ. ಪಾರೆ ಅಂದಳು, ನಿನ್ನದು ಐಸ್‌ಕ್ರೀಮ್ ಡಬ್ಬದಲ್ಲಿ ಬಂದಿತ್ತು ಕಣೇ ಕಾಹು, ನಿಮ್ಮಮ್ಮಂಗೆ ಪರೀಕ್ಷೆ, ನಾಲ್ಕು ತಿಂಗಳು ಶೆಡ್ಡಿನ ಫ್ರೀಜರಲ್ಲಿತ್ತು, ಗಾಳಕ್ಕೆ ಸಿಕ್ಕಿಸೋ ಮೀನಿನ ಪಕ್ಕದಲ್ಲಿ, ಈ ಹೇಮಿ ಮಹರಾಯ ಒಂದು ದಿನ ಗಾಳಕ್ಕೆ ಅಂತ ಅದನ್ನೇ ಎತ್ಕೊಂಡು ದೋಣಿ ಹತ್ತಿಬಿಟ್ಟಿದ್ದ, ನಾನು ದಡದಲ್ಲಿ ನಿಂತು ಕಿರುಚಿ ಕಿರುಚಿ ಗಂಟಲು ಹರ್ಕೊಂಡೆ. ಹೇಮಿ ಅಂಕಲ್, ಅಷ್ಟು ಒಳ್ಳೇ ಗಾಳದ ಮಾಂಸ ಮತ್ತೆ ಸಿಗಲಿಲ್ಲ ಬಿಡು ಅಂದ. ಎಲ್ಲರೂ ನಕ್ಕರು, ಮೆರೆಯಾನಳೂ ನಕ್ಕಳು, ಇಪ್ಪತ್ತಾರು ವರ್ಷದಿಂದ ನಗುತ್ತಿರುವ ನಗೆ, ಅದು ತಾನಾಗಿಯೇ ಬರುತ್ತದೆ.

ಕುಡಿಕೆ ಗುಂಡಿಗೆ ಇಳಿಯಿತು, ಹೇಮಿ ಅಂಕಲ್ ಪ್ರಾರ್ಥನೆ ಹೇಳಿದ, ಅವನ ಅಪ್ಪ ಹೇಳುತ್ತಿದ್ದಂತೆ ಕಣ್ಣು ಮುಚ್ಚಿ, ಕೊನೆಯ ಸಾಲಿಗೆ ಎರಡು ಸಲ ಕೆಮ್ಮಿದ, ಆಮೇಲೆ ನಾಲ್ಕು ಹೆಜ್ಜೆ ಹೋಗಿ ಮರಳಿನ ಗುಡ್ಡೆಯಿಂದ ಅದನ್ನು ತುಂಬಿಕೊಂಡು ಬಂದ. ಅದನ್ನು. ನಾಳೆ ಸಸಿ ನೆಡುವುದಕ್ಕೆಂದು ತೊರೆಯಿಂದ ತಂದು ರಾಶಿ ಹಾಕಿದ ಮರಳು, ರಾಶಿಯ ಮೇಲೆ ಯಾವಾಗಲೂ ಕೌಚಿಕೊಂಡು ಕೂತಿರುವ ಡಬ್ಬ, ಬಿಸಿಲಿಗೆ ಮಳೆಗೆ ಅಲ್ಲೇ, ಹುಡುಗನಿಗೂ ಒಂದು ಡಬ್ಬ ಮರಳು ಹಾಕೋಣ, ಬೆಚ್ಚಗಿರ್ಲಿ, ಮೆರೆ ನೀನೇ ಹಾಕು, ಅಜ್ಜಿಯಾದವಳು ನೀನು ಎಂದು ಅವಳ ಕೈಗೆ ಕೊಟ್ಟ. ಭಾರ. ಅಂಚು ಹೆಬ್ಬೆರಳಿಗೆ ತಾಗಿತು, ಒರಟು, ಸುಣ್ಣದ ಕಲ್ಲಿನ ಹಾಗೆ, ಹೆಬ್ಬೆರಳು ಎತ್ತಿ ನೋಡಿದರೆ ಬೆಳ್ಳಗೆ ಹುಡಿ — ಈ ಡಬ್ಬ, ಅಯ್ಯೋ ದೇವರೇ, ಇದು ಅದೇ ಡಬ್ಬ, ಕಾಹುವಿನ ಮಾಸು ತಂದ ಐಸ್‌ಕ್ರೀಮ್ ಡಬ್ಬ, ಮಾಸು ಇದ್ದದ್ದು ಮತ್ತೆ ಅಡುಗೆಮನೆಗೆ ಬರಕೂಡದು ಅಂದಳು ಅಮ್ಮ, ಊಟಕ್ಕೆ ಮುಟ್ಟಿಸುವ ಹಾಗಿಲ್ಲ, ಕಸದ ಬುಟ್ಟಿಗಂತೂ ಎಸೆಯುವ ಹಾಗೇ ಇಲ್ಲ, ಮಗುವಿನ ಮಾಸು ಇದ್ದ ಡಬ್ಬ ಕಸವೇ, ಮತ್ತೆ ಎಲ್ಲಿಡುವುದು, ತೋಟದಲ್ಲೇ ಇರಲಿ ಅಂತಾಯಿತು, ಆಗ ಹತ್ತೊಂಬತ್ತು ವರ್ಷದ ಮೆರೆಯಾನ, ಯೂನಿವರ್ಸಿಟಿಯಲ್ಲಿ ಮೊದಲ ವರ್ಷ, ಅಳತೆ ಅಂದರೆ ದೇವರು ಅನ್ನುವ ಕಾಲ, ಮಮ್ ಹಂಗೆ ಕೈಯಲ್ಲಿ ಎರಚಬೇಡ, ಒಂದು ದಿಬ್ಬಕ್ಕೆ ಜಾಸ್ತಿ ಒಂದಕ್ಕೆ ಕಮ್ಮಿ ಆಗುತ್ತೆ, ಇಗೋ, ದಿಬ್ಬಕ್ಕೆ ಸರಿಯಾಗಿ ಒಂದು ಡಬ್ಬ ಎಂದು ಇದೇ ಕೈಯಿಂದ ಇದನ್ನೇ ಎತ್ತಿ ಕೊಟ್ಟಳು, ನೋಡ್ರೋ ನಮ್ಮ ವಿಜ್ಞಾನಿ ಎಂದು ಅಪ್ಪ ಹೆಮ್ಮೆಪಟ್ಟ, ಇನ್ನೂರು ದಿಬ್ಬ, ಇಪ್ಪತ್ತಾರು ವರ್ಷ, ಮರಳಿಗೆ ತಿಕ್ಕಿ ತಿಕ್ಕಿ, ಅಮ್ಮ ಒಂದು ಸಲ ಹೇಳಿದ್ದಳಲ್ಲ, ಡಬ್ಬ ವರ್ಷ ವರ್ಷ ಚಿಕ್ಕದಾಗ್ತಿದೆ ಕಣೇ, ನಾನು ಗೋಪುರ ಮಾಡಿ ತುಂಬ್ತೀನಿ, ನಿನ್ನ ಲೆಕ್ಕ ತಪ್ಪಬಾರದಲ್ಲ ಅಂತ, ಅದಕ್ಕೂ ಇವಳು ನಕ್ಕಿದ್ದಳು. ಚಿಕ್ಕದಾದ ಪಾಲು ಎಲ್ಲಿಗೆ ಹೋಯಿತು ಎಂದು ಕೇಳಲಿಲ್ಲ. ಮುಚ್ಚಳ ಕೂರುವ ಅಂಚು ಇಲ್ಲ, ಅದರ ಕೆಳಗೆ ಎರಡು ಬೆರಳಗಲ ಇಲ್ಲ, ಒಂದು ಮೂಲೆ ಕಚ್ಚಿ ತಿಂದ ಹಾಗೆ ಇಲ್ಲ. ಡಬ್ಬವನ್ನು ಸ್ವಲ್ಪ ಎತ್ತಿ ತಳ ನೋಡಿದಳು, ನೋಡದೆಯೂ ಗೊತ್ತಿತ್ತು, ತ್ರಿಕೋನ, ಅದರೊಳಗೆ ಐದು, ಐದು ಅಂದರೆ ಪಾಲಿಪ್ರೊಪಿಲೀನು. ಹತ್ತಿಯ ಕೋಟು ತೊಟ್ಟು, ಹತ್ತಿಯ ಕೈಗವಸು ತೊಟ್ಟು, ಗಾಜಿನ ಬಾಟಲಿ ಪಕ್ಕಕ್ಕಿಟ್ಟು, ಕಂಟ್ರೋಲ್ ಸಾಲಿನ ಒಂದೊಂದು ದಿಬ್ಬಕ್ಕೂ ಇದೇ ಡಬ್ಬದಲ್ಲಿ ಗೀಚಿ ಗೀಚಿ ತುಂಬಿ ತಾನೇ ಸುರಿದಳಲ್ಲ, ಗುಡ್ಡದ ಮೇಲಿನವರ ಕಡೆ ಬೆರಳು ತೋರಿಸುತ್ತ, ಬೇಲಿಯೇ ಎದ್ದು ಹೊಲ ಮೇಯ್ದದ್ದಲ್ಲವೇ ಇದು, ಅದೂ ಅಳತೆ ಮಾಡಿ, ದಿಬ್ಬಕ್ಕೆ ಸರಿಯಾಗಿ ಒಂದು.

ಹಾಕು ಮಮ್. ಕಾಹುವಿನ ದನಿ. ಹೇಳಬೇಕು, ಈಗಲೇ, ನಾಳೆ ಸಸಿ ಮಣ್ಣಿಗೆ ಇಳಿಯುವ ಮೊದಲು, ಕೇಳು ಮಗಳೇ ನಾನು ಹೇಳಿದ್ದು ತಪ್ಪು, ಇಲ್ಲೂ ಇದೆ, ಹೊರಗಿಂದ ಬಂದದ್ದಕ್ಕಿಂತ ನಾನು ಹಾಕಿದ್ದೇ ಹೆಚ್ಚು, ನಿನ್ನದೇ ಮಾಸಿನ ಡಬ್ಬ, ತೆಗೆಯುವುದಕ್ಕೆ ಯಾರಿಂದಲೂ ಆಗುವುದಿಲ್ಲ, ಜರಡಿಗೆ ಸಿಗುವುದಿಲ್ಲ, ತೊಳೆದರೆ ಹೋಗುವುದಿಲ್ಲ, ಸುಟ್ಟರೆ ಮಣ್ಣೇ ಸಾಯುತ್ತದೆ — ಬಾಯಿ ತೆರೆದಳು, ನಾಲಿಗೆಗೆ ಮರಳು ತಾಗಿದ ಹಾಗಾಯಿತು. ಡಬ್ಬವನ್ನು ಪಕ್ಕಕ್ಕೆ ಇಟ್ಟಳು, ಅಷ್ಟು ಮಾಡಲಾಯಿತು ಅವಳಿಗೆ, ಕೈ ಹಾಕಿ ಒಂದು ಹಿಡಿ ಮರಳು ತೆಗೆದಳು, ಅಮ್ಮ ಹಿಂದೆ ಹಾಕುತ್ತಿದ್ದಂತೆ ಬರಿಗೈಯಲ್ಲಿ, ಏನೇ ವಿಜ್ಞಾನಿ, ಅಳತೆ ತಪ್ಪಿಸ್ತಿದ್ದೀಯಲ್ಲ ಇವತ್ತು ಎಂದು ಪಾರೆ ಕುರ್ಚಿಯಿಂದ ಕೆಣಕಿದಳು, ಅಳತೆ ತಪ್ಪಿದ್ದು ಇವತ್ತಲ್ಲಮ್ಮ ಅಂದುಕೊಂಡಳು, ಮರಳು ಬೆರಳ ಸಂದಿಯಿಂದ ಜಾರಿ ಸೊಟ್ಟ ಕುಡಿಕೆಯ ಮೇಲೆ ಬಿತ್ತು, ಸಣ್ಣ ಸದ್ದು, ಕೊನೆಗೆ ಕೈ ಕೊಡವಿದಾಗ ಹೆಬ್ಬೆರಳ ಮೇಲಿದ್ದ ಬಿಳಿ ಹುಡಿಯೂ ಇರಲಿಲ್ಲ, ಅದೂ ಗುಂಡಿಗೇ ಹೋಯಿತು. ಹೇಮಿ ಅಂಕಲ್ ಮಣ್ಣೆಳೆದ, ತುಳಿದ, ಮೇಲೊಂದು ಕಲ್ಲಿಟ್ಟ. ಕಾಹು ಪಾರೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡು ಅದರ ಪಾದವನ್ನು ಆ ಹೊಸ ಮಣ್ಣಿಗೆ ಒಂದು ಸಲ ಮುಟ್ಟಿಸಿದಳು, ಅಕ್ಕಿಕಾಳಿನಷ್ಟು ಬೆರಳುಗಳು, ಮಣ್ಣು ಅಂಟಿತು, ಒರೆಸಲಿಲ್ಲ, ಕಣ್ಣು ತುಂಬಿಕೊಂಡಿದ್ದಾಳೆ, ಎಷ್ಟು ದಿನದಿಂದ ಇಷ್ಟು ನೆಮ್ಮದಿ ಕಂಡಿರಲಿಲ್ಲ ಈ ಮುಖದಲ್ಲಿ, ಮಮ್, ನಾಳೆ ಮೊದಲನೇ ಸಸಿ ಇವನ ಹೆಸರಲ್ಲಿ ನಾನೇ ನೆಡ್ತೀನಿ, ಬೇರು ಬಾಗಿಸಿ ಸೂರ್ಯನ ಕಡೆಗೆ ಮುಖ ಮಾಡಿ, ಕೋರೋ ತಾತ ನೆಡ್ತಿದ್ದ ಹಂಗೇ, ಗೆಣಸು ಕೀಳೋ ಹೊತ್ತಿಗೆ ಇವನಿಗೆ ಆರು ತಿಂಗಳು ತುಂಬುತ್ತೆ, ಮೊದಲ ತುತ್ತು ಇಲ್ಲಿಂದ್ಲೇ ಅಲ್ವಾ, ಇಲ್ಲೇನೂ ಇಲ್ಲ ತಾನೇ, ನೀನು ನೋಡಿದ್ದೀಯಲ್ಲ. ನೋಡಿದ್ದಾಳೆ. ಹೂಂ ಅಂದಳು. ಹೂಂ ಅಂದದ್ದು ಅವಳೇ, ತನ್ನ ಕಿವಿಗೇ ಕೇಳಿಸಿತು, ಕಾಹು ಮಗುವಿನ ನೆತ್ತಿಗೆ ಮುತ್ತಿಟ್ಟಳು, ಪಾರೆ ಚಹಾ ಆರಿಹೋಗುತ್ತೆ ನಡೀರಿ ಅಂದಳು, ಎಲ್ಲರೂ ಮನೆಯ ಕಡೆ ತಿರುಗಿದರು, ಮೆರೆಯಾನ ಆ ಕಲ್ಲಿನ ಹತ್ತಿರವೇ ನಿಂತಳು, ಹೇಳು, ಕೂಗು, ಇನ್ನೂ ಹತ್ತು ಹೆಜ್ಜೆಯಷ್ಟೇ ಹೋಗಿದ್ದಾರೆ, ಹದಿನೈದು, ಬಾಗಿಲವರೆಗೆ, ಡಬ್ಬ ಮರಳಿನ ಮೇಲೆ, ಮರಳು ಕುಡಿಕೆಯ ಮೇಲೆ, ಕುಡಿಕೆಯ ಪಕ್ಕದಲ್ಲಿ ಎಳೆ ಬೇರು, ಬೇರಿನ ಮೈ ಸಿಗಿದುಕೊಂಡು ಹೊರಗೆ ಬರುತ್ತಿರುವ ಮರಿಬೇರು, ಆ ಸಿಗಿದ ಜಾಗ, ಅದರ ಸುತ್ತ ಕೆಂಪು, ಉಂಗುರದ ಹಾಗೆ, ಕೆಂಪು —